ಗಣಕಯಂತ್ರದ ರಂಗಸ್ಥಳದಲ್ಲಿ ಅಭಿಮನ್ಯು

ದೋಹಾದಲ್ಲಿ ನಮ್ಮ ಸಹಾಯಾರ್ಥ ಕಾರ್ಯಕ್ರಮ ಹತ್ತಿರ ಬಂತೆಂದರೆ ಎಲ್ಲರಿಗೂ ಒಂದೊಂದು ಕೆಲಸ ಹಂಚಿಕೆಯಾಗುತ್ತದೆ. ಊಟದ ವ್ಯವಸ್ಥೆ ಒಬ್ಬರಿಗೆ, ಜಾಹೀರಾತು ಸಂಗ್ರಹ ಇನ್ನೊಬ್ಬರಿಗೆ. ವೇದಿಕೆಯ ಬ್ಯಾನರು ಮತ್ತು ಕರೆಯೋಲೆಯ ಕೆಲಸ ಮಾತ್ರ "ಕಂಪ್ಯೂಟರ್ ಗೊತ್ತಿರುವವರಿಗೆ". ಹಾಗೆ ಈ ಕೆಲಸ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. ನಾನು ಮಾಡುತ್ತಿದ್ದುದು ಬಹಳ ಸುಲಭದ ಕೆಲಸ. ಅಂತರಜಾಲದಲ್ಲಿ ಹುಡುಕುವುದು, ಚಂದ ಕಂಡ ಚಿತ್ರವನ್ನು ಇಳಿಸಿಕೊಳ್ಳುವುದು, ಅದರ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಮುದ್ರಣಕ್ಕೆ ಕಳಿಸುವುದು.

ಒಂದು ವರ್ಷ ಹೀಗೆಯೇ ಒಂದು ಯಕ್ಷಗಾನ ವೇಷದ ಚಿತ್ರವನ್ನು ಬ್ಯಾನರಿಗೆ ಹಾಕಿದ್ದೆ. ಎಲ್ಲರೂ ಮೆಚ್ಚಿದರು. ಕಾರ್ಯಕ್ರಮದ ಫೋಟೋಗಳು ಊರಿಗೂ ತಲುಪಿದವು. ವಾರ ಕಳೆದ ಮೇಲೆ ಕರಾವಳಿಯ ಒಬ್ಬ ಛಾಯಾಗ್ರಾಹಕರಿಂದ ನನಗೊಂದು ಸಂದೇಶ ಬಂತು. "ಬ್ಯಾನರಿನಲ್ಲಿರುವ ಚಿತ್ರ ನನ್ನದು. ಒಳ್ಳೆಯ ಕೆಲಸಕ್ಕೆ ಬಳಸಿದ್ದೀರಿ, ಸಂತೋಷ. ಒಂದು ಮಾತು ಕೇಳಿದ್ದರೆ ದೊಡ್ಡ ಪ್ರತಿಯನ್ನೇ ಕಳಿಸುತ್ತಿದ್ದೆ. ವೇಷ ಮಾಡಿದ ಕಲಾವಿದರ ಹೆಸರನ್ನಾದರೂ ಹಾಕಬಹುದಿತ್ತು."

ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಊರಿನ ಬಡ ರೋಗಿಗಳಿಗೆಂದು ಹಣ ಕೂಡಿಸುವ ವೇದಿಕೆಯಲ್ಲಿ, ಊರಿನ ಒಬ್ಬ ದುಡಿಯುವ ಮನುಷ್ಯನ ಶ್ರಮವನ್ನು ಕೇಳದೆ ಎತ್ತಿಕೊಂಡು ಬಂದಿದ್ದೆವು. ಕ್ಷಮೆ ಕೇಳಿ ಉತ್ತರ ಬರೆದೆ. ಮುಂದಿನ ಸಲ ನಮ್ಮ ಮಕ್ಕಳ ಕೈಯಲ್ಲೇ ಚಿತ್ರ ಮಾಡಿಸೋಣವೆಂದು ನಿಶ್ಚಯಿಸಿದೆವು. ಶುಕ್ರವಾರಗಳಂದು ನಮ್ಮ ಮನೆಯಲ್ಲಿ ಐದಾರು ಮಕ್ಕಳು ಸೇರಿ ಗಣಕಯಂತ್ರದಲ್ಲಿ ಒಬ್ಬ ಅಭಿಮನ್ಯುವನ್ನು ನಿಲ್ಲಿಸಿದರು. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ಒಂದು ರಿಯಾಲೂ ಖರ್ಚಾಗಲಿಲ್ಲ. ನಿಮ್ಮ ಮನೆಯ ಮಕ್ಕಳೂ ಇದನ್ನು ಮಾಡಬಹುದು ಎಂಬ ಕಾರಣಕ್ಕೆ ಆ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ವಿವರಿಸುತ್ತಿದ್ದೇನೆ.

ಧರ್ಮಕ್ಕೆ ಕೊಟ್ಟ ದಟ್ಟಿ

ಮೊದಲ ಶುಕ್ರವಾರ ಗಣಕಯಂತ್ರ ತೆರೆಯುವ ಮುನ್ನ ಮಕ್ಕಳಿಗೆ ಒಂದು ಗಾದೆ ಹೇಳಿದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ. ದಾನ ಪಡೆದವನು ಅಳತೆ ನೋಡಬಾರದು ಎಂಬುದು ಗಾದೆಯ ತಾತ್ಪರ್ಯ. ಆದರೆ ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಚಿತ್ರ, ಮಾದರಿ, ಬಟ್ಟೆಯ ನಮೂನೆಗಳಿಗೆ ಮಾತ್ರ ಮೊಳ ಹಾಕಲೇಬೇಕು. ಕೊಟ್ಟವರು ಎಷ್ಟು ಕೊಟ್ಟಿದ್ದಾರೆ, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಓದಿಯೇ ತೆಗೆದುಕೊಳ್ಳಬೇಕು.

ಈ ಷರತ್ತುಗಳನ್ನು ಸರಳ ಭಾಷೆಯಲ್ಲಿ ಬರೆದಿಟ್ಟ ಸಂಸ್ಥೆ 2001ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರಿಯೇಟಿವ್ ಕಾಮನ್ಸ್. ಅದರ ಮೊದಲ ಪರವಾನಗಿಗಳು 2002ರ ಡಿಸೆಂಬರಿನಲ್ಲಿ ಬಂದವು. ಅವುಗಳ ಗುರುತುಗಳನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತರು. "ಸಿಸಿ ಝೀರೋ" ಎಂದಿದ್ದರೆ ಯಾವ ಷರತ್ತೂ ಇಲ್ಲ, ಹೇಗೆ ಬೇಕಾದರೂ ಬಳಸಬಹುದು. "ಬಿವೈ" ಎಂದಿದ್ದರೆ ಮಾಡಿದವರ ಹೆಸರು ಹಾಕಬೇಕು. "ಎಸ್ಎ" ಎಂದಿದ್ದರೆ ಅದರಿಂದ ನೀವು ಮಾಡಿದ ಹೊಸ ಚಿತ್ರವನ್ನು ಹಂಚುವಾಗ ಅದೇ ಷರತ್ತಿನ ಮೇಲೆಯೇ ಹಂಚಬೇಕು. "ಎನ್‌ಡಿ" ಎಂದಿದ್ದರೆ ಮಾರ್ಪಡಿಸಿ ಹಂಚುವಂತಿಲ್ಲ. ನಮ್ಮ ಕೆಲಸವೇ ಕತ್ತರಿಸಿ ಪದರ ಮಾಡುವುದಾದ್ದರಿಂದ ಅದು ನಮಗಲ್ಲ. "ಎನ್‌ಸಿ" ಎಂದರೆ ವಾಣಿಜ್ಯ ಬಳಕೆಗಲ್ಲ. ನಮ್ಮದು ಸೇವಾಕಾರ್ಯವಾದರೂ ಟಿಕೆಟ್, ಜಾಹೀರಾತು ಎಲ್ಲ ಇರುವುದರಿಂದ ವಾದಕ್ಕೆ ಆಸ್ಪದವಿದೆ. ಅಂಥದ್ದನ್ನು ಮುಟ್ಟದಿರುವುದೇ ಕ್ಷೇಮ.

ಒಬ್ಬ ಹುಡುಗ ಕೇಳಿದ: "ಅಂಕಲ್, ಅಭಿಮನ್ಯುವಿನ ಪಕ್ಕದಲ್ಲಿ ಲಯೀಬ್ ಹಾಕೋಣವಾ?" 2022ರ ವಿಶ್ವಕಪ್ ಫುಟ್‌ಬಾಲಿನ ಲಾಂಛನವಾಗಿ, ತಲೆವಸ್ತ್ರದ ಆಕಾರದಲ್ಲಿ ಹಾರಾಡಿದ ಆ ಲಯೀಬನನ್ನು ಕತಾರಿನಲ್ಲಿ ಬೆಳೆದ ಯಾವ ಮಗುವೂ ಮರೆತಿಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಓರಿಕ್ಸ್ ಜಿಂಕೆ ಓರಿಯನ್ನು ಅವರ ತಂದೆತಾಯಿಯರು ನೆನಪಿಟ್ಟಿದ್ದಾರೆ. ಆದರೆ ಇಂಥ ಪಾತ್ರಗಳಿಗೆ ಒಡೆಯರಿದ್ದಾರೆ. ಕಣ್ಣಿಗೆ ಪುಕ್ಕಟೆ ಕಂಡದ್ದೆಲ್ಲ ಕೈಗೆ ಪುಕ್ಕಟೆಯಲ್ಲ. ಅಭಿಮನ್ಯುವಿಗೆ ಅಂಥ ಒಡೆಯರು ಯಾರೂ ಇಲ್ಲ, ಮಹಾಭಾರತ ಎಲ್ಲರದು. ಹಾಗಾಗಿಯೇ ಅವನನ್ನು ಆರಿಸಿಕೊಂಡೆವು.

ಚಂದಾ ಎತ್ತಿ ಬಿಡಿಸಿಕೊಂಡ ತಂತ್ರಾಂಶ

ನಾವು ಮುಖ್ಯವಾಗಿ ಬಳಸಿದ್ದು ಬ್ಲೆಂಡರ್ ಎಂಬ ತಂತ್ರಾಂಶ. ಉದ್ದ, ಅಗಲ, ಆಳ ಮೂರೂ ಇರುವ ಗೊಂಬೆಯನ್ನು ಗಣಕಯಂತ್ರದಲ್ಲಿ ಕಡೆಯಲು, ಅದಕ್ಕೆ ಬಣ್ಣ ಹಚ್ಚಿ ಬೆಳಕು ಬಿಡಲು ಇದು ಸಾಧನ. ಇದರ ಕಥೆ ನಮ್ಮಂಥ ಚಂದಾ ಎತ್ತುವವರಿಗೆ ಬಹಳ ಹತ್ತಿರದ್ದು.

ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ಎಂಬವರು ತಮ್ಮ ಸ್ಟುಡಿಯೋದ ಬಳಕೆಗೆಂದು ಬ್ಲೆಂಡರನ್ನು ರೂಪಿಸಿದರು. ಅದನ್ನು ಮಾರಲು ಕಟ್ಟಿದ ಕಂಪನಿ 2002ರಲ್ಲಿ ಮುಚ್ಚಿಹೋಯಿತು. ಹಣ ಹೂಡಿದವರು, ಒಂದು ಲಕ್ಷ ಯೂರೋ ಕೊಟ್ಟರೆ ತಂತ್ರಾಂಶದ ಮೂಲವನ್ನು ಬಿಟ್ಟುಕೊಡುವುದಾಗಿ ಒಪ್ಪಿದರು. ರೂಸೆಂಡಾಲ್ ಅದೇ ವರ್ಷದ ಜುಲೈಯಲ್ಲಿ ಜಗತ್ತಿನ ಬಳಕೆದಾರರ ಮುಂದೆ ಜೋಳಿಗೆ ಹಿಡಿದರು. ಹತ್ತು, ಇಪ್ಪತ್ತು, ಐವತ್ತು ಎಂದು ಬಂದ ಹಣ ಏಳೇ ವಾರಗಳಲ್ಲಿ ಲಕ್ಷ ಮುಟ್ಟಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಎಲ್ಲರ ಸ್ವತ್ತಾಯಿತು. ಇಪ್ಪತ್ತೆರಡು ವರ್ಷಗಳ ನಂತರ ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಇದೇ ಪುಕ್ಕಟೆ ತಂತ್ರಾಂಶದಲ್ಲಿ ಮಾಡಿದ "ಫ್ಲೋ" ಚಿತ್ರ ತೆರೆಕಂಡು, 2025ರ ಮಾರ್ಚಿನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಪಡೆಯಿತು. ನಾವು "ಪುಕ್ಕಟೆ" ಎನ್ನುವುದರ ಹಿಂದೆ ಯಾರೋ ಕೊಟ್ಟ ಹಣ, ಯಾರೋ ಸವೆಸಿದ ರಾತ್ರಿಗಳಿವೆ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೈ, ವೇಷ, ಬೇಗಡೆ

ಮೊದಲಿಗೆ ಪಾತ್ರಕ್ಕೊಂದು ಮೈ ಬೇಕು. ಮನುಷ್ಯನ ದೇಹವನ್ನು ಸೊನ್ನೆಯಿಂದ ಕಡೆಯುವುದು ಕಲಿತವರಿಗೂ ಕಷ್ಟ. ಮೇಕ್‌ಹ್ಯೂಮನ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಈ ಭಾರವನ್ನು ಇಳಿಸುತ್ತದೆ. ವಯಸ್ಸು, ಎತ್ತರ, ಮೈಕಟ್ಟು, ಮುಖದ ಆಕಾರ ಎಲ್ಲಕ್ಕೂ ಒಂದೊಂದು ಪಟ್ಟಿ ಇರುತ್ತದೆ, ಆಚೆ ಈಚೆ ಎಳೆದರೆ ಸಾಕು, ದೇಹ ಬದಲಾಗುತ್ತದೆ. ಅಲ್ಲಿ ತಯಾರಾದ ದೇಹ ಸಿಸಿ ಝೀರೋ ಆಗಿಯೇ ನಮ್ಮ ಕೈಗೆ ಬರುತ್ತದೆ. ಒಳಗೆ ಎಲುಬಿನ ಹಂದರವನ್ನೂ ಕೂಡಿಸಿ ಕೊಡುವುದರಿಂದ ಕೈಕಾಲು ಮಡಚಿ ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದು. ಡ್ಯಾಜ್ ಸ್ಟುಡಿಯೋ, ಮಿಕ್ಸಾಮೊಗಳಂಥ ಬೇರೆ ಸಾಧನಗಳೂ ಹಣವಿಲ್ಲದೆ ಸಿಗುತ್ತವೆ. ಅವುಗಳಿಂದ ಮಾಡಿದ ಚಿತ್ರವನ್ನು ಬಳಸಬಹುದು, ಆದರೆ ಅವು ಕೊಟ್ಟ ಗೊಂಬೆಯನ್ನೇ ಇನ್ನೊಬ್ಬರಿಗೆ ಹಂಚುವಂತಿಲ್ಲ. ಮೊಳ ಹಾಕಿದರೆ ಇಂಥ ವ್ಯತ್ಯಾಸ ತಿಳಿಯುತ್ತದೆ.

ಮೈ ಸಿಕ್ಕಿತು, ವೇಷ ಎಲ್ಲಿಂದ? ಪುಕ್ಕಟೆ ಭಂಡಾರಗಳಲ್ಲಿ ಯುರೋಪಿನ ಯೋಧರ ಕವಚ ರಾಶಿ ರಾಶಿ ಇದೆ. ಬಡಗುತಿಟ್ಟಿನ ಕೇದಗೆ ಮುಂದಲೆ ನಾವು ಹುಡುಕಿದಲ್ಲಿ ಎಲ್ಲೂ ಸಿಗಲಿಲ್ಲ. ಕರ್ಣನಂಥವರಿಗೆ ಕಟ್ಟುವ ದೊಡ್ಡ ಮುಂಡಾಸು ಬೇರೆ, ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಕೇದಗೆ ಮುಂದಲೆ ಬೇರೆ ಎಂಬುದೇ ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ಆಗ ನಾನು ಮತ್ತೆ ಆ ಛಾಯಾಗ್ರಾಹಕರಿಗೇ ಬರೆದೆ, ಈ ಸಲ ಕೇಳಿ. ಅವರು ಚೌಕಿಗೆ ಹೋಗಿ, ಕಲಾವಿದರ ಒಪ್ಪಿಗೆ ಪಡೆದು, ಮುಂದಲೆ, ಭುಜಕೀರ್ತಿ, ಎದೆಕಟ್ಟು, ಡಾಬು, ಗೆಜ್ಜೆ ಎಲ್ಲವನ್ನೂ ಎದುರು, ಹಿಂದೆ, ಪಕ್ಕಗಳಿಂದ ತೆಗೆದು ಕಳಿಸಿದರು.

ಆ ಚಿತ್ರಗಳನ್ನು ನೋಡಿಕೊಂಡು ಮಕ್ಕಳು ಒಂದೊಂದೇ ಆಭರಣ ಕಡೆದರು. ಇಲ್ಲಿ ಗಣಕಯಂತ್ರದ ಎರಡು ಉಪಾಯಗಳು ಬಹಳ ಶ್ರಮ ಉಳಿಸುತ್ತವೆ. ಮೊದಲನೆಯದು ಕನ್ನಡಿ. ಎದೆಕಟ್ಟಿನ ಬಲ ಅರ್ಧವನ್ನು ಮಾಡಿದರೆ ಎಡ ಅರ್ಧ ತಾನಾಗಿ ಮೂಡುತ್ತದೆ. ಎರಡನೆಯದು ಸಾಲು. ಒಂದು ಮಣಿಯನ್ನು ಮಾಡಿ, ಒಂದು ಗೆರೆಯನ್ನು ಎಳೆದು ಹೇಳಿದರೆ ಆ ಗೆರೆಯುದ್ದಕ್ಕೂ ನೂರು ಮಣಿಗಳು ಪೋಣಿಸಿಕೊಳ್ಳುತ್ತವೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕುಂದಾಪುರದಲ್ಲಿರುವ ತನ್ನ ಅಜ್ಜಯ್ಯನಿಗೆ ವಿಡಿಯೋ ಕರೆ ಮಾಡಿ ಪ್ರತಿ ವಾರ ತೋರಿಸುತ್ತಿದ್ದಳು. "ಹಾಂಗಲ್ಲ ಮಗಾ, ಭುಜಕೀರ್ತಿ ಇನ್ನೂ ಮೇಲ್ ಬರ್ಕ್" ಎಂದು ಅವರು ಅಲ್ಲಿಂದಲೇ ತಿದ್ದುತ್ತಿದ್ದರು. ವಾರಕ್ಕೆ ಎರಡು ನಿಮಿಷ ಮಾತಾಡುತ್ತಿದ್ದ ಅಜ್ಜಯ್ಯ ಮತ್ತು ಮೊಮ್ಮಗಳು ಮುಕ್ಕಾಲು ಗಂಟೆ ಮಾತಾಡತೊಡಗಿದ್ದು ನಮಗೆ ಸಿಕ್ಕ ದೊಡ್ಡ ಲಾಭ.

ನಂತರ ಬಣ್ಣ ಮತ್ತು ಮೈಗುಣ. ಬಟ್ಟೆಯ ನೇಯ್ಗೆ, ಮರ, ಲೋಹ, ಮರಳು ಇವುಗಳ ನಮೂನೆಗಳು ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಎಂಬ ಭಂಡಾರಗಳಲ್ಲಿ ಸಿಸಿ ಝೀರೋ ಆಗಿ ಸಿಗುತ್ತವೆ. ಅಲ್ಲಿಂದ ಹತ್ತಿಬಟ್ಟೆಯ ನೇಯ್ಗೆ ತಂದು ಅದರ ಮೇಲೆ ಕಸೆಸೀರೆಯ ಚೌಕುಳಿ ಬರೆದೆವು. ಆಭರಣಗಳಿಗೆ ಮಾತ್ರ ಮೊದಲು ಎಡವಿದೆವು. ಅಪ್ಪಟ ಚಿನ್ನದ ಲೋಹಗುಣ ಕೊಟ್ಟಾಗ ಅಭಿಮನ್ಯು ದೋಹಾದ ಗೋಲ್ಡ್ ಸೂಕ್‌ನಿಂದ ಎದ್ದು ಬಂದವನ ಹಾಗೆ ಕಂಡ! ಯಕ್ಷಗಾನದ ಆಭರಣ ಹಗುರ ಮರದ ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂಡಿಸಿ ಮಾಡಿದ್ದು. ಹೊಳಪಿನಲ್ಲಿ ಸ್ವಲ್ಪ ಒರಟುತನ, ಸ್ವಲ್ಪ ಸುಕ್ಕು ಕೂಡಿಸಿದ ಮೇಲೆ ಅದು ನಮ್ಮ ಬೇಗಡೆಯಾಯಿತು.

ಬೆಳಕು ಮತ್ತು ರೆಂಡರ್

ಗೊಂಬೆ, ಬಣ್ಣ, ಬೆಳಕು, ಕ್ಯಾಮೆರಾ ಎಲ್ಲ ಸಿದ್ಧವಾದ ಮೇಲೆ "ಇನ್ನು ಚಿತ್ರ ತೆಗೆ" ಎಂದು ಗಣಕಯಂತ್ರಕ್ಕೆ ಹೇಳುವುದಕ್ಕೆ ರೆಂಡರ್ ಎನ್ನುತ್ತಾರೆ. ಬ್ಲೆಂಡರ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಈವೀ ಎಂಬುದು ಬೇಗ ಮುಗಿಸುತ್ತದೆ. ಸೈಕಲ್ಸ್ ಎಂಬುದು ಬೆಳಕಿನ ಕಿರಣಗಳ ಜಾಡು ಹಿಡಿದು ಲೆಕ್ಕ ಹಾಕುತ್ತದೆ, ನಿಧಾನ, ಆದರೆ ನೆರಳು ಮತ್ತು ಹೊಳಪು ನಿಜದಂತೆ ಬರುತ್ತವೆ. ಎ4 ಹಾಳೆಯಲ್ಲಿ ಚೊಕ್ಕವಾಗಿ ಮುದ್ರಿಸಲು 2480 ಅಗಲ, 3508 ಎತ್ತರದ ಚುಕ್ಕೆಗಳು ಬೇಕು, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೂ 256 ಸಲ ಬೆಳಕಿನ ಜಾಡು ಹಿಡಿದರೆ 222 ಕೋಟಿ ದಾಟುತ್ತದೆ. ನಮ್ಮ ಹಳೆಯ ಲ್ಯಾಪ್‌ಟಾಪ್ ರಾತ್ರಿ ಮಲಗುವಾಗ ಶುರು ಮಾಡಿ ಬೆಳಗಿನ ಕಾಫಿ ಹೊತ್ತಿಗೆ ಮುಗಿಸುತ್ತಿತ್ತು. ಆದ್ದರಿಂದ ಮೊದಲು ಚಿಕ್ಕ ಅಳತೆಯಲ್ಲಿ ಪರೀಕ್ಷಿಸಿ, ತಪ್ಪೆಲ್ಲ ತಿದ್ದಿ, ಕೊನೆಗೊಮ್ಮೆ ಮಾತ್ರ ದೊಡ್ಡದು ಮಾಡಿ. ದೂರದಿಂದ ನೋಡುವ ಬ್ಯಾನರಿಗೆ ಪುಸ್ತಕದಷ್ಟು ದಟ್ಟ ಚುಕ್ಕೆಗಳೂ ಬೇಕಿಲ್ಲ.

ಇಲ್ಲಿ ಒಂದು ಮುಖ್ಯ ಸೂಚನೆ. ರೆಂಡರ್ ಮಾಡುವಾಗ ಹಿನ್ನೆಲೆಯನ್ನು ಪಾರದರ್ಶಕವಾಗಿಡುವ ಗುಂಡಿಯನ್ನು ಒತ್ತಿ, ಚಿತ್ರವನ್ನು ಪಿಎನ್‌ಜಿ ಆಗಿ ಉಳಿಸಬೇಕು. ಜೆಪೆಗ್ ಆಗಿ ಉಳಿಸಿದರೆ ಪಾರದರ್ಶಕತೆ ಹೋಗಿ ಪಾತ್ರದ ಸುತ್ತ ಬಣ್ಣ ತುಂಬಿಕೊಳ್ಳುತ್ತದೆ. ಮತ್ತೆ ಕತ್ತರಿಸಲು ಕೂತರೆ ಗೆಜ್ಜೆಯ ಒಂದೊಂದು ಮಣಿಗೂ ಅರ್ಧ ಗಂಟೆ!

ಪರದೆಯ ಹಿಂದೆ ಪರದೆ

ಈಗ ಹಿನ್ನೆಲೆ. ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ನಾನು ಕಂಪನಿ ನಾಟಕಗಳ ಮಾತೆತ್ತಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಮುಂದೆ ವೀರಣ್ಣನವರ ಕಾಲದಲ್ಲಿ, ತನ್ನ ರಂಗಸಜ್ಜಿಕೆಯ ವೈಭವಕ್ಕೇ ಹೆಸರಾಯಿತು. "ಕುರುಕ್ಷೇತ್ರ" ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಅಂಥ ನಾಟಕಗಳಲ್ಲಿ ಹಿಂದೆ ಅರಮನೆಯೋ ಕಾಡೋ ಬರೆದ ಪರದೆ, ಅದರ ಮುಂದೆ ಕತ್ತರಿಸಿ ನಿಲ್ಲಿಸಿದ ಮರ ಕಂಬಗಳು, ಅದರ ಮುಂದೆ ನಟ. ಹೀಗೆ ಒಂದರ ಮುಂದೊಂದು ನಿಂತಾಗ ಚಿಕ್ಕ ರಂಗವೂ ಆಳವಾಗಿ ಕಾಣುತ್ತದೆ. ಗಣಕಯಂತ್ರದ ಪದರಗಳೂ ಹೀಗೆಯೇ.

ಪದರ ಜೋಡಿಸಲು ಗಿಂಪ್ ಎಂಬ ಮುಕ್ತ ತಂತ್ರಾಂಶ ಸಾಕು. 1995ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದು. ನಮ್ಮ ಹಿನ್ನೆಲೆಗೆ ನಮ್ಮದೇ ಊರಾದ ದೋಹಾವನ್ನೇ ಆರಿಸಿಕೊಂಡೆವು. ಒಂದು ಸಂಜೆ ಕಾರ್ನಿಶ್‌ನ ಬಳಿ, ಇಸ್ಲಾಮಿಕ್ ಕಲಾ ಸಂಗ್ರಹಾಲಯದ ಪಕ್ಕದ ಉದ್ಯಾನದಿಂದ, ವೆಸ್ಟ್ ಬೇ ಗೋಪುರಗಳನ್ನೂ ಮುಂದೆ ತೇಲುವ ಧೋ ದೋಣಿಗಳನ್ನೂ ಮೊಬೈಲಿನಲ್ಲಿ ತೆಗೆದೆವು. ಚಿತ್ರ ನಮ್ಮದೇ ಆದ್ದರಿಂದ ಪರವಾನಗಿಯ ಚಿಂತೆಯಿಲ್ಲ. ಆದರೆ ಅಪರಿಚಿತರ ಮುಖ, ವಿಶೇಷವಾಗಿ ಕುಟುಂಬಗಳು, ಚೌಕಟ್ಟಿನೊಳಗೆ ಬಾರದಂತೆ ಎಚ್ಚರವಹಿಸಿ. ಒಪ್ಪಿಗೆಯಿಲ್ಲದೆ ಬೇರೆಯವರ ಚಿತ್ರ ಹಂಚುವುದು ಈ ದೇಶದಲ್ಲಿ ಕಾನೂನಿನ ತೊಡಕು ತರಬಹುದು.

ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ಇಟ್ಟೆವು. ಎಲ್ಲಕ್ಕಿಂತ ಕೆಳಗೆ ಆಕಾಶ. ಅದರ ಮೇಲೆ ಗೋಪುರಗಳು. ನಂತರ ಸಮುದ್ರ ಮತ್ತು ದೋಣಿ. ನಂತರ ಪಾತ್ರ ನಿಲ್ಲುವ ನೆಲ. ಅದರ ಮೇಲೆ ನೆರಳಿನದೇ ಒಂದು ಪದರ. ಆಮೇಲೆ ಅಭಿಮನ್ಯು. ಎಲ್ಲಕ್ಕಿಂತ ಮೇಲೆ ತೆಳುವಾದ ಸಂಜೆಗೆಂಪಿನ ಒಂದು ಲೇಪ ಮತ್ತು ಅಕ್ಷರಗಳು. ಬೇಡದ ಭಾಗವನ್ನು ಅಳಿಸಿಹಾಕುವ ಬದಲು ಮಾಸ್ಕ್ ಬಳಸಿ. ಅದು ಪದರದ ಮೇಲೆ ಹೊದಿಸಿದ ಮರೆ ಇದ್ದ ಹಾಗೆ. ಬಿಳಿ ಬಳಿದಲ್ಲಿ ಚಿತ್ರ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ. ತಪ್ಪಿದರೆ ಮತ್ತೆ ಬಿಳಿ ಬಳಿದರಾಯಿತು.

ಹೀಗೆ ಜೋಡಿಸಿದ ಮೇಲೂ ಪಾತ್ರ ಅಂಟಿಸಿದ ಹಾಗೆ ಕಂಡರೆ ನಾಲ್ಕು ಸಂಗತಿಗಳನ್ನು ನೋಡಿ.

ಮೊದಲನೆಯದು ದಿಗಂತ. ನಿಂತು ಚಿತ್ರ ತೆಗೆದರೆ ದಿಗಂತದ ಗೆರೆ ನಮ್ಮ ಕಣ್ಣಿನ ಎತ್ತರದಲ್ಲಿ ಬರುತ್ತದೆ. ಅದೇ ನೆಲದ ಮೇಲೆ ನಿಂತ ಅಭಿಮನ್ಯುವಿಗೂ ಆ ಗೆರೆ ಅಷ್ಟೇ ಎತ್ತರದಲ್ಲಿ ಹಾಯಬೇಕು. ನಾವು ವೀರನನ್ನು ಸ್ವಲ್ಪ ಕೆಳಗಿನಿಂದ ನೋಡಬೇಕೆಂದು ನೆಲದ ಮೇಲೆ ಕೂತು ಫೋಟೋ ತೆಗೆದೆವು, ಬ್ಲೆಂಡರ್‌ನ ಕ್ಯಾಮೆರಾವನ್ನೂ ಅಷ್ಟೇ ತಗ್ಗಿಗೆ ಇಳಿಸಿದೆವು.

ಎರಡನೆಯದು ಬೆಳಕಿನ ದಿಕ್ಕು. ಆ ಉದ್ಯಾನದಿಂದ ವೆಸ್ಟ್ ಬೇ ಕಡೆ ಮುಖ ಮಾಡಿದರೆ ಸಂಜೆಯ ಸೂರ್ಯ ಎಡಗಡೆ ಇರುತ್ತಾನೆ. ಮೊದಲ ರೆಂಡರಿನಲ್ಲಿ ಮಕ್ಕಳು ದೀಪವನ್ನು ಬಲಕ್ಕೆ ಇಟ್ಟಿದ್ದರು. ಏನು ಮಾಡಿದರೂ ಹೊಂದಲಿಲ್ಲ. ಕಾರಣ ತಿಳಿಯಲು ಒಂದು ಶುಕ್ರವಾರವೇ ಹೋಯಿತು!

ಮೂರನೆಯದು ದೂರ. ದೂರದ ವಸ್ತು ಮಬ್ಬಾಗಿ, ಬಣ್ಣ ಕಳೆದುಕೊಂಡು ಕಾಣುತ್ತದೆ. ನಮ್ಮ ಮಲೆನಾಡಿನಲ್ಲಿ ದೂರದ ಗುಡ್ಡ ನೀಲಿಯಾಗುತ್ತದೆ. ಇಲ್ಲಿ ಧೂಳು ಎದ್ದ ದಿನ ಗೋಪುರಗಳು ಮರಳಿನ ಬಣ್ಣಕ್ಕೆ ತಿರುಗುತ್ತವೆ. ಹಿಂದಿನ ಪದರಗಳ ಗಾಢತೆ ಇಳಿಸಿದರೆ ಪಾತ್ರ ತಾನಾಗಿ ಮುಂದೆ ಬರುತ್ತದೆ.

ನಾಲ್ಕನೆಯದು ಪಾದದ ನೆರಳು. ಪಾದ ನೆಲಕ್ಕೆ ತಾಗುವಲ್ಲಿ ಗಾಢವಾದ ಚಿಕ್ಕ ನೆರಳಿಲ್ಲದಿದ್ದರೆ ಪಾತ್ರ ಗಾಳಿಯಲ್ಲಿ ತೇಲುತ್ತದೆ. ನೆರಳಿನ ಪದರವನ್ನು ಮಲ್ಟಿಪ್ಲೈ ವಿಧಾನದಲ್ಲಿಟ್ಟರೆ ನೆಲದ ಬಣ್ಣ ಅದರೊಳಗಿಂದ ಕಾಣಿಸುತ್ತದೆ.

ಇನ್ನೊಂದು ಮಾತು. ಯಕ್ಷಗಾನದ ರಂಗಸ್ಥಳದಲ್ಲಿ ಬರೆದ ಪರದೆಗಳೇ ಇಲ್ಲ. ಇಬ್ಬರು ಹಿಡಿಯುವ ತೆರೆಯ ಹಿಂದಿನಿಂದ ವೇಷ ಬರುತ್ತದೆ, ಕುಣಿತ ಮಾತುಗಳಲ್ಲೇ ಅರಮನೆ ರಣರಂಗ ಎಲ್ಲ ಮೂಡುತ್ತವೆ. ಆದ್ದರಿಂದ ಹಿನ್ನೆಲೆ ಹದವಾಗಿರಲಿ, ವೇಷವನ್ನು ನುಂಗದಿರಲಿ.

ಅಕ್ಷರಗಳಿಗೂ ಮುಕ್ತ ಲಿಪಿಗಳಿವೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟ್‌ಗಳು, ಬಾಲೂ ತಮ್ಮ ಎಂಬ ದಪ್ಪಕ್ಷರದ ಫಾಂಟ್ ಎಲ್ಲ ಹೀಗೆ ಹಂಚಿದವು. ಇವು ಯೂನಿಕೋಡ್ ಆದ್ದರಿಂದ ಗಿಂಪ್‌ನಲ್ಲಿ ಒತ್ತಕ್ಷರಗಳು ಕೆಡದೆ ಬರುತ್ತವೆ.

"ಎಐಗೆ ಹೇಳಿದರೆ ಒಂದು ನಿಮಿಷದಲ್ಲಿ ಮಾಡಿಕೊಡುತ್ತದಲ್ಲ?" ಎಂದು ಹಲವು ಹಿರಿಯರೇ ಕೇಳಿದರು. ನಾವೂ ಕೇಳಿ ನೋಡಿದೆವು. ಚಿತ್ರ ಬಂತು, ಬಹಳ ಚೆನ್ನಾಗಿಯೂ ಇತ್ತು. ಆದರೆ ತಲೆಯ ಮೇಲೆ ಕಥಕ್ಕಳಿಯ ಕಿರೀಟ, ಸೊಂಟಕ್ಕೆ ಭರತನಾಟ್ಯದ ಪಟ್ಟಿ. ಅಜ್ಜಯ್ಯನಿಗೆ ತೋರಿಸಿದಾಗ ಅವರು ನಕ್ಕುಬಿಟ್ಟರು. ಅದು ಯಾರ ಕೆಲಸವನ್ನು ನೋಡಿ ಕಲಿತು ಬರೆಯಿತೋ ಅವರ ಹೆಸರು ಹಾಕುವುದೂ ನಮ್ಮಿಂದಾಗದು. ಮಕ್ಕಳು ಕೈಯಾರೆ ಮಾಡಿದ್ದರಿಂದ ಕೇದಗೆ ಮುಂದಲೆ ಯಾಕೆ ಹಾಗಿದೆ ಎಂಬುದು ಈಗ ಅವರಿಗೆ ಗೊತ್ತು.

ಪಡೆದದ್ದಕ್ಕೆ ಪ್ರತಿಯಾಗಿ

ಬ್ಯಾನರಿನ ಕೆಳಗೆ ಈ ಸಲ ಒಂದು ಚಿಕ್ಕ ಸಾಲು ಸೇರಿತು. ಯಾವ ತಂತ್ರಾಂಶ, ಯಾವ ಭಂಡಾರದ ನಮೂನೆ, ಯಾರ ಆಕರ ಚಿತ್ರ, ಯಾವ ಕಲಾವಿದರ ವೇಷ ಎಂದು. ಸಿಸಿ ಝೀರೋ ಕೊಟ್ಟವರು ಹೆಸರು ಕೇಳುವುದಿಲ್ಲ. ಆದರೂ ಹಾಕಿದೆವು, ಉಂಡ ಮನೆಗೆ ಕೈಮುಗಿದು ಹೊರಡುವಂತೆ. ಮೊದಲ ಪ್ರತಿಯನ್ನು ಆ ಛಾಯಾಗ್ರಾಹಕರಿಗೆ ಕಳಿಸಿದೆವು.

ಕೊನೆಯ ಕೆಲಸವನ್ನು ಮಕ್ಕಳೇ ಸೂಚಿಸಿದರು. ಛಾಯಾಗ್ರಾಹಕರನ್ನೂ ಕಲಾವಿದರನ್ನೂ ಕೇಳಿ, ತಾವು ಕಡೆದ ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿಗಳನ್ನು ಸಿಸಿ ಬಿವೈ ಷರತ್ತಿನ ಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಮಸ್ಕತ್ತಿನಲ್ಲೋ ಮೈಸೂರಿನಲ್ಲೋ ಒಂದು ಮಗು ಹುಡುಕಿದಾಗ ಯುರೋಪಿನ ಕವಚಗಳ ನಡುವೆ ನಮ್ಮ ಬೇಗಡೆಯೂ ಕಣ್ಣಿಗೆ ಬೀಳಲಿ ಎಂಬುದು ಅವರ ಆಸೆ.

ಈ ಸಂಚಿಕೆಯನ್ನು ಕೊಂಡು ನೆರವಾದ ತಾವೂ ಅಂಥದ್ದೇ ಕೆಲಸ ಮಾಡಿದ್ದೀರಿ. ನಿಮ್ಮ ರಿಯಾಲು ಯಾರ ಕೈ ಸೇರುತ್ತದೆಂದು ನೀವು ನೋಡುವುದಿಲ್ಲ, ಪಡೆದವರು ನಿಮ್ಮ ಮುಖ ಕಾಣುವುದಿಲ್ಲ. ನಿಮ್ಮ ಮಕ್ಕಳಿಗೆ ರಜೆಯಲ್ಲಿ ಬ್ಲೆಂಡರನ್ನೂ ಗಿಂಪನ್ನೂ ಹಾಕಿಕೊಡಿ. ಊರಿಗೆ ಹೋದಾಗ ನಿಮ್ಮ ಸೀಮೆಯ ವೀರಗಾಸೆಯದೋ ಕಂಸಾಳೆಯದೋ ಚಿತ್ರಗಳನ್ನು ಕಲಾವಿದರ ಒಪ್ಪಿಗೆ ಪಡೆದು ತೆಗೆಸಿ ತನ್ನಿ. ಶುಕ್ರವಾರ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಕಾಫಿಯಂತೂ ಪುಕ್ಕಟೆ, ಅದಕ್ಕೆ ಯಾವ ಷರತ್ತೂ ಇಲ್ಲ!